ಬೆಳಕಿನ ದಿಕ್ಕು, ರೇಷ್ಮೆಯ ಎಳೆ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಹೇಳಿಕೊಡುವ ಮೇಷ್ಟ್ರಿಗೆ ವಿಜ್ಞಾನದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕನ್ನಡದ ‘ಧ್ರುವೀಕರಣ’ ಧ್ರುವದಿಂದ ಬಂದಿದೆ, ಉರ್ದುವಿನ ‘ತಕ್ತೀಬ್’ ಕುತುಬ್‌ನಿಂದ. ಎರಡರ ಅರ್ಥವೂ ಒಂದೇ. ಪದಕ್ಕೆ ಹೆದರಬೇಡಿ, ಸಂಗತಿ ಸರಳವಾಗಿದೆ.

ಸೂರ್ಯನ ಬೆಳಕಿನ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ನುಣುಪಾದ ಮೇಲ್ಮೈಗೆ ಓರೆಯಾಗಿ ಬಡಿದು ಹಿಂದಿರುಗಿದಾಗ ಒಂದು ದಿಕ್ಕಿನ ಕಂಪನವೇ ಹೆಚ್ಚಾಗಿ ಉಳಿಯುತ್ತದೆ. ಇದೇ ಧ್ರುವೀಕರಣ. ಅರಗು ಹಚ್ಚಿದ ಚನ್ನಪಟ್ಟಣದ ಗೊಂಬೆಯ ಮಿರುಗಿನಲ್ಲಿ, ಮಾಗಡಿ, ಕನಕಪುರದ ಕೆರೆಗಳ ಹೊಳಪಿನಲ್ಲಿ ಇದು ಇದೆ. ಪೊಲರಾಯ್ಡ್ ಕನ್ನಡಕವನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾ ನೋಡಿ, ಹೊಳಪು ಕುಂದಿ ಮತ್ತೆ ಬರುತ್ತದೆ.

ಇನ್ನು ರಾಮನಗರದ ರೇಷ್ಮೆ. ಅದರ ಎಳೆಯಲ್ಲಿ ಅಣುಗಳು ಉದ್ದಕ್ಕೆ ಸಾಲುಗಟ್ಟಿವೆ. ಹಾಗಾಗಿ ಉದ್ದಕ್ಕೆ ಕಂಪಿಸುವ ಬೆಳಕು ಮತ್ತು ಅಡ್ಡಕ್ಕೆ ಕಂಪಿಸುವ ಬೆಳಕು ಅದರೊಳಗೆ ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ಎರಡು ಪೊಲರಾಯ್ಡ್ ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿ ಹಿಡಿದರೆ ಕತ್ತಲಾಗುತ್ತದೆ. ನಡುವೆ ರೇಷ್ಮೆ ಎಳೆಯನ್ನು ಓರೆಯಾಗಿ ಇಡಿ, ಆ ಕತ್ತಲಲ್ಲಿ ಎಳೆ ಮಾತ್ರ ಬೆಳಗುತ್ತದೆ!

ಅಣುಗಳ ಸಾಲಿನಿಂದಲೇ ಅಳತೆಯೂ ಸಾಧ್ಯ. ಇಂಗಾಲದ ಪಾಲಿಮರ್‌ನಿಂದ ಮಾಡಿದ ತೆಳು ಸೌರಕೋಶದಲ್ಲಿ ಅಣುಸರಪಳಿಗಳನ್ನು ಒಂದೇ ದಿಕ್ಕಿಗೆ ಜೋಡಿಸಿದರೆ, ಆ ದಿಕ್ಕಿಗೆ ಕಂಪಿಸುವ ಬೆಳಕನ್ನು ಅದು ಹೆಚ್ಚು ಹೀರಿ ಹೆಚ್ಚು ಕರೆಂಟ್ ಕೊಡುತ್ತದೆ. ಉಳಿದ ಬೆಳಕು ಮುಂದಿನ ಪದರಕ್ಕೆ ದಾಟುತ್ತದೆ. ಇಂಥ ಕೋಶಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಒಂದರ ಮೇಲೊಂದು ಇಟ್ಟು, ಕರೆಂಟುಗಳನ್ನು ಹೋಲಿಸಿ, ಒಂದೇ ಕಿರಣದ ಧ್ರುವೀಕರಣವನ್ನು ಲೆಕ್ಕ ಹಾಕಬಹುದು. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು 2016ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ಇದು ದೂರದವರ ವಿದ್ಯೆ ಎನ್ನಬೇಡಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ 1956ರಲ್ಲಿ ಧ್ರುವೀಕೃತ ಬೆಳಕಿನ ಕುರಿತು ಬರೆದ ಪ್ರಬಂಧ ಇಂದಿಗೂ ಜಗತ್ಪ್ರಸಿದ್ಧ. ಆಗ ಅವರ ವಯಸ್ಸು ಕೇವಲ 22. ಅದೇ ಸಂಸ್ಥೆ ರೂಪಿಸಿದ ಪೋಲಿಕ್ಸ್ ಉಪಕರಣ, ಆಕಾಶಕಾಯಗಳ ಎಕ್ಸ್ ಕಿರಣಗಳ ಧ್ರುವೀಕರಣವನ್ನು ಅಳೆಯಲು, 2024ರ ಜನವರಿ 1ರಂದು ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಮೇಲೇರಿತು.

ಆದರೆ ಗೂಡು ಬೇಯಿಸಿ ನೂಲು ತೆಗೆಯುವ ನಮ್ಮ ಮನೆಗಳ ಎಷ್ಟೋ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿದೊಡನೆ ‘ಸೈನ್ಸ್ ನಮಗಲ್ಲ’ ಎನ್ನುತ್ತಾರೆ. ಹೆಣ್ಣುಮಕ್ಕಳಿಗಂತೂ ಮನೆಯವರೇ ಹಾಗೆ ಹೇಳಿಬಿಡುತ್ತಾರೆ. ದಿನವೂ ರೇಷ್ಮೆ ಎಳೆ ಹಿಡಿಯುವ ಕೈಗೆ ಅದರೊಳಗಿನ ವಿಜ್ಞಾನ ಮಾತ್ರ ಪರಕೀಯವಾಗಬೇಕೇ? ಸಂಘದವರಲ್ಲಿ ನನ್ನದೊಂದು ಅರಿಕೆ: ಪ್ರತಿ ಶಾಲೆಗೂ ಎರಡು ಪೊಲರಾಯ್ಡ್ ಹಾಳೆ ಕೊಡಿಸಿ. ರೇಷ್ಮೆ ಎಳೆಯನ್ನು ಮಕ್ಕಳೇ ತರುತ್ತಾರೆ.