ದುಡಿದ ಕೈಗೆ ಕಾಗದಪತ್ರ ಬೇಕೇ?

ಗಡಿ ದಾಟಿ ಅನಧಿಕೃತವಾಗಿ ಬಂದವನಿಗೆ ಕಾರ್ಮಿಕ ಕಾನೂನಿನ ರಕ್ಷಣೆ ಏಕೆ? ಈ ಪ್ರಶ್ನೆ ಸಹಜವೇ. ಅಮೆರಿಕದ ಮೊಕದ್ದಮೆಯೊಂದು ಇದರ ಒಳಹೊರಗನ್ನು ತೋರಿಸುತ್ತದೆ.

ಕ್ಯಾಲಿಫೋರ್ನಿಯಾದ ಹಾಫ್‌ಮನ್ ಪ್ಲಾಸ್ಟಿಕ್ ಕಾಂಪೌಂಡ್ಸ್ ಕಂಪೆನಿಗೆ 1988ರಲ್ಲಿ ಮೆಕ್ಸಿಕೋದ ಕಾರ್ಮಿಕನೊಬ್ಬ ಬೇರೊಬ್ಬನ ದಾಖಲೆ ತೋರಿಸಿ ಸೇರಿದ್ದ. ಕಾರ್ಮಿಕ ಸಂಘ ಕಟ್ಟುವವರ ಜೊತೆಗೂಡಿದ್ದಕ್ಕೆ 1989ರ ಜನವರಿಯಲ್ಲಿ ಆತನ ಕೆಲಸ ಹೋಯಿತು. ಇದು ಕಾನೂನುಬಾಹಿರವೆಂದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ, ಮುಂದೆ 66,951 ಡಾಲರ್ ಹಿಂಬಾಕಿ ವೇತನ ಕೊಡುವಂತೆ ಆದೇಶಿಸಿತು. 2002ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಕೆಲಸ ಮಾಡುವ ಅನುಮತಿಯೇ ಇಲ್ಲದವನಿಗೆ, ಮಾಡದ ಕೆಲಸದ ಸಂಬಳ ಸಲ್ಲದು ಎಂಬುದು ಬಹುಮತದ ವಾದ. ಹೀಗಾದರೆ ಕಾನೂನು ಮುರಿಯುವುದು ಮಾಲೀಕರಿಗೆ ಅಗ್ಗವಾಗುತ್ತದೆ ಎಂಬುದು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಬ್ರೇಯರ್ ಅವರ ಆಕ್ಷೇಪ.

ಆದರೆ ಆಗಲೇ ದುಡಿದ ದಿನಗಳ ಕೂಲಿಯ ಮಾತು ಬೇರೆ. ಕಾಗದವಿಲ್ಲದವರಿಗೂ ಅದು ಸಲ್ಲಬೇಕೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯಗಳು 2013ರಲ್ಲೂ ಹೇಳಿವೆ. ಮೆಕ್ಸಿಕೋ ಕೋರಿದ ಸಲಹೆಗೆ ಉತ್ತರವಾಗಿ 2003ರಲ್ಲಿ ಅಂತರ-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ ಇನ್ನೂ ಮುಂದೆ ಹೋಯಿತು: ಕೆಲಸಕ್ಕೆ ಸೇರಿದ ಮೇಲೆ, ವಲಸೆಯ ಸ್ಥಿತಿ ಏನೇ ಇರಲಿ, ಕಾರ್ಮಿಕ ಹಕ್ಕುಗಳು ಎಲ್ಲರಿಗೂ ಸಮಾನ.

ಇದು ವಲಸಿಗನೊಬ್ಬನ ಚಿಂತೆಯಷ್ಟೇ ಅಲ್ಲ. ದೂರು ಕೊಡಲಾಗದವನು ಅಗ್ಗಕ್ಕೆ ಸಿಗುವಾಗ, ಅದೇ ಯಂತ್ರದ ಮುಂದೆ ನಿಂತ ಸ್ಥಳೀಯನ ಕೂಲಿಯೂ ಉಳಿಯುವುದು ಕಷ್ಟ.