ಕತ್ತು ಬಾಗುವ ರಾಚೆಟ್: ಕೊಳ್ಳುವ ಮುಂಚೆ

(ಕಂಬಂ ಕಣಿವೆಯ ಎಸ್ಟೇಟ್ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಉಪದೇಶಿಯ ಬಾಯಲ್ಲಿ ಸ್ಪ್ಯಾನರಿನ ಮಾತೇಕೆಂದು ಹಿಂದಿನ ಸಾಲಿನ ಅಕ್ಕಂದಿರು ನಗುತ್ತಿದ್ದಾರೆ. ನಗಲಿ. ಆದರೆ ನಾಳೆ ನಸುಕಿನಲ್ಲಿ ಬುತ್ತಿ ಹಿಡಿದು ಕಂಬಂಮೆಟ್ಟು ಹತ್ತುವ ಜೀಪಿನಲ್ಲಿ ಒತ್ತಿಕೊಂಡು ಕೂರುವವರು ಅವರೇ. ಕಂಬಂ, ಗೂಡಲೂರು, ಬೋಡಿಗಳಿಂದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ದಿನವೂ ಜೀಪುಗಳು ಹೋಗುತ್ತವೆ, ಸಂಜೆ ಅದೇ ಘಟ್ಟ ಇಳಿದು ಬರುತ್ತವೆ. ಆ ಜೀಪಿನ ನಟ್ಟು ಬೋಲ್ಟುಗಳನ್ನು ಬಿಗಿ ಮಾಡುವವರು ಯಾರು? ಬಹುಪಾಲು ನಮ್ಮ ಲೈನುಗಳಲ್ಲೇ ಹುಟ್ಟಿ, ಎಲೆ ಕೊಯ್ಯುವುದು ಬೇಡವೆಂದು ಕೆಳಗಿಳಿದು ಶೆಡ್ಡು ಸೇರಿದ ಹುಡುಗರು. ಆದ್ದರಿಂದ ಈ ಮಾತು ಹುಡುಗರಿಗೆ ಎಷ್ಟೋ ತಾಯಂದಿರಿಗೂ ಅಷ್ಟೇ ಸೇರಿದ್ದು. ನಾವೂ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಎರಡು ವರ್ಷ ಶೆಡ್ಡಿನಲ್ಲಿ ಸ್ಪ್ಯಾನರ್ ಎತ್ತಿಕೊಟ್ಟವರೇ.

ಈ ವಿಷಯ ಎತ್ತಲು ಒಂದು ಕಾರಣವಿದೆ. ನಮ್ಮವರ ಪೈಕಿ ಒಬ್ಬ ಹುಡುಗ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಊರಿನ ಹೆಸರೂ ಯಜಮಾನರ ಹೆಸರೂ ಇಲ್ಲಿ ಬೇಡ. ಜೀಪಿನ ಪಟ್ಟಿ ಸ್ಪ್ರಿಂಗಿನ ಯು ಬೋಲ್ಟಿನ ನಟ್ಟು ತುಕ್ಕು ಹಿಡಿದು ಕೂತಿತ್ತು. ಎಲ್ ಹ್ಯಾಂಡಲ್ ಬೇರೊಬ್ಬನ ಕೈಯಲ್ಲಿತ್ತು. ಇವನು ಕೈಗೆ ಸಿಕ್ಕ ಕತ್ತು ಬಾಗುವ ರಾಚೆಟ್ಟಿಗೆ ಸಾಕೆಟ್ ಸಿಕ್ಕಿಸಿ, ಹಿಡಿಗೆ ಒಂದು ನೀರಿನ ಪೈಪು ತೂರಿಸಿ ಎಳೆದ. ಕತ್ತಿನ ಪಿನ್ನು ಮುರಿಯಿತು, ಕೈ ಹೋಗಿ ಚಾಸಿಗೆ ಬಡಿಯಿತು, ಎರಡು ಬೆರಳಿನ ಗೆಣ್ಣು ಬಿರಿಯಿತು. ಶನಿವಾರ ಕೂಲಿ ಕೊಡುವಾಗ ರಾಚೆಟ್ಟಿನ ಪೂರ್ತಿ ಬೆಲೆಯನ್ನು ಹಿಡಿದುಕೊಂಡರು. ಹುಡುಗ ಮನೆಗೆ ಬಂದು, ಹತ್ಯಾರು ಕಳಪೆ ಎಂದ. ಯಜಮಾನರು, ಹುಡುಗ ಕಳಪೆ ಎಂದರು. ನಾವು ಹೋಗಿ ನೋಡಿದಾಗ ಎರಡೂ ಸರಿಯಾದ ಮಾತಲ್ಲ. ಯಾವ ಹತ್ಯಾರು ಯಾವ ಕೆಲಸಕ್ಕೆ ಎಂದು ಆ ಹುಡುಗನಿಗೆ ಯಾರೂ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ.

ರಾಚೆಟ್ ಎಂದರೇನೆಂದು ಮೊದಲು ಹೇಳುತ್ತೇವೆ. ಸೈಕಲ್ ತಳ್ಳಿಕೊಂಡು ಹೋಗುವಾಗ ಹಿಂದಿನ ಚಕ್ರ ಟಿಕ್ ಟಿಕ್ ಎನ್ನುವುದಿಲ್ಲವೇ? ಆ ಫ್ರೀವೀಲಿನಲ್ಲಿ ಹಲ್ಲಿನ ಚಕ್ರವೊಂದು, ಅದಕ್ಕೆ ಕಚ್ಚುವ ಪುಟ್ಟ ಕೊಕ್ಕೆ, ಕೊಕ್ಕೆಯ ಹಿಂದೆ ಸ್ಪ್ರಿಂಗು. ಒಂದು ಕಡೆಗೆ ಕಚ್ಚುತ್ತದೆ, ಇನ್ನೊಂದು ಕಡೆಗೆ ಜಾರುತ್ತದೆ. ರಾಚೆಟ್ಟಿನ ತಲೆಯೊಳಗೂ ಇದೇ. ನಟ್ಟಿನಿಂದ ಸಾಕೆಟ್ ತೆಗೆಯದೆಯೇ ಕೈಯನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿ ತಿರುಗಿಸಬಹುದು. ದಿಂಡಿಗಲ್ಲಿನ ಬೀಗ ಬಿಚ್ಚಿ ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಆ ಬೀಗದ ಜೀವವೂ ಒಳಗಿನ ಲಿವರುಗಳ ಅಳತೆಯಲ್ಲಿದೆ, ಹೊರಗಿನ ಹೊಳಪಿನಲ್ಲಿಲ್ಲ.

ಕತ್ತು ಬಾಗುವ ರಾಚೆಟ್ಟಿನಲ್ಲಿ ತಲೆಗೂ ಹಿಡಿಗೂ ನಡುವೆ ಒಂದು ಪಿನ್ನು ಇರುತ್ತದೆ. ಅಂಗಡಿಯವರು ಇದನ್ನು ಫ್ಲೆಕ್ಸ್ ಹೆಡ್ ಎಂದೋ ಸ್ವಿವೆಲ್ ಹೆಡ್ ಎಂದೋ ಕರೆಯುತ್ತಾರೆ. ಗೇರ್ ಬಾಕ್ಸನ್ನು ಇಂಜಿನ್ನಿಗೆ ಸೇರಿಸುವ ಮೇಲಿನ ಬೋಲ್ಟುಗಳು, ಸ್ಟಾರ್ಟರ್ ಮೋಟಾರಿನ ಬೋಲ್ಟು, ಮ್ಯಾನಿಫೋಲ್ಡಿನ ಹಿಂದಿನ ನಟ್ಟು, ಇಂಥ ಕಡೆ ನೇರ ಹಿಡಿ ಹೋಗಿ ಏನಾದರೊಂದಕ್ಕೆ ತಗಲುತ್ತದೆ. ಅಲ್ಲಿ ಕತ್ತು ಬಗ್ಗಿಸಿದರೆ ಹಿಡಿ ಅಡ್ಡಿಯ ಮೇಲಿಂದ ಹಾದುಹೋಗುತ್ತದೆ. ಅದರ ಉಪಯೋಗ ಇಷ್ಟೇ: ಕೈ ಹೋಗದ ಕಡೆ ಹೋಗುವುದು. ಬಲಕ್ಕಾಗಿ ಅದು ಹುಟ್ಟಿದ್ದಲ್ಲ. ಕತ್ತನ್ನು 60 ಡಿಗ್ರಿ ಬಗ್ಗಿಸಿ ಎಳೆದರೆ ಹಿಡಿಯ ಉದ್ದದಲ್ಲಿ ಅರ್ಧ ಮಾತ್ರ ನಟ್ಟನ್ನು ತಿರುಗಿಸುತ್ತದೆ. ಜೊತೆಗೆ ಸಾಕೆಟ್ಟನ್ನು ಓರೆ ಮಾಡಿ ನಟ್ಟಿನಿಂದ ಜಾರಿಸಲು ನೋಡುತ್ತದೆ. ಆದ್ದರಿಂದ ಎಡಗೈಯಿಂದ ತಲೆಯನ್ನು ಒತ್ತಿ ಹಿಡಿದೇ ಎಳೆಯತಕ್ಕದ್ದು.

ಇನ್ನು ಆರಿಸುವ ಮಾತು. ಸಾಕೆಟ್ ಸಿಕ್ಕಿಸುವ ಚೌಕ ಸಾಮಾನ್ಯವಾಗಿ ಮೂರು ಅಳತೆಯಲ್ಲಿ ಸಿಗುತ್ತದೆ: 1/4 ಇಂಚು, 3/8 ಇಂಚು, 1/2 ಇಂಚು. ಅರ್ಧ ಇಂಚಿನದು ಗಟ್ಟಿ, ಆದರೆ ತಲೆ ದಪ್ಪ. ಇಕ್ಕಟ್ಟಿಗೆಂದು ಕೊಂಡದ್ದು ಇಕ್ಕಟ್ಟಿನಲ್ಲಿ ತೂರದಿದ್ದರೆ ಏನು ಫಲ? ನಮ್ಮ ಅಭಿಪ್ರಾಯದಲ್ಲಿ ಕತ್ತು ಬಾಗುವುದನ್ನು 3/8ರಲ್ಲಿ ಕೊಳ್ಳಬೇಕು. 10ರಿಂದ 17 ಮಿಲಿಮೀಟರಿನ ತಲೆಗಳಿಗೆ ಅದು ಸಾಕು. ಅದಕ್ಕಿಂತ ದೊಡ್ಡ ನಟ್ಟಿಗೆ ಅರ್ಧ ಇಂಚಿನ ನೇರ ಹಿಡಿ ಇರಲಿ.

ಹಲ್ಲುಗಳ ಲೆಕ್ಕ ಕೇಳಿ. 24 ಹಲ್ಲಿದ್ದರೆ ಒಂದು ಟಿಕ್ಕಿಗೆ ಕೈ 15 ಡಿಗ್ರಿ ಆಡಬೇಕು. 36 ಇದ್ದರೆ 10 ಡಿಗ್ರಿ, 72 ಇದ್ದರೆ 5 ಡಿಗ್ರಿ ಸಾಕು. ಗೇರ್ ಬಾಕ್ಸಿನ ಮೇಲೆ ಕೈಗೆ ಎರಡು ಬೆರಳಗಲ ಜಾಗವಿದ್ದಾಗ ಈ ವ್ಯತ್ಯಾಸ ದೊಡ್ಡದು. ಹಾಗೆಂದು ಹೆಚ್ಚು ಹಲ್ಲು ಎಂದೊಡನೆ ಮರುಳಾಗಬೇಡಿ. ಹಲ್ಲು ಸಣ್ಣದಾದಷ್ಟೂ ಒಳಗಿನ ಕೆಲಸ ನಯವಾಗಿರಬೇಕು. ಅಗ್ಗದ ಮಾಲಿನಲ್ಲಿ ಸಣ್ಣ ಹಲ್ಲು ಬೇಗ ಸವೆದು ಕಚ್ಚದೆ ಜಾರುತ್ತದೆ. ಜಾರಿದ ಗಳಿಗೆಯಲ್ಲಿ ನಿಮ್ಮ ಮುಷ್ಟಿ ಎಲ್ಲಿಗೆ ಹೋಗಿ ಬಡಿಯುತ್ತದೆಂದು ಹೇಳಬೇಕಿಲ್ಲ.

ಅಂಗಡಿಯಲ್ಲಿ ಪೊಟ್ಟಣ ಬಿಚ್ಚಿಸಿ ಕೈಗೆ ತೆಗೆದುಕೊಳ್ಳಿ, ಸಂಕೋಚ ಬೇಡ. ಹಿಡಿಯನ್ನು ಅಡ್ಡಲಾಗಿ ಹಿಡಿದಾಗ ತಲೆ ತನ್ನ ಭಾರಕ್ಕೇ ಜೋತುಬಿದ್ದರೆ ಅದು ಬೇಡ. ಬಗ್ಗಿಸಿದ ಕಡೆ ನಿಲ್ಲಬೇಕು. ಪಿನ್ನಿನ ಜಾಗದಲ್ಲಿ ಬಿಗಿ ಮಾಡುವ ಸ್ಕ್ರೂ ಇದ್ದರೆ ಒಳ್ಳೆಯದು, ಸಡಿಲವಾದ ದಿನ ನೀವೇ ಬಿಗಿ ಮಾಡಿಕೊಳ್ಳಬಹುದು. ಬಡಿದು ಕೂರಿಸಿದ ಪಿನ್ನಾದರೆ ಆ ಅನುಕೂಲ ಇಲ್ಲ. ಕತ್ತನ್ನು ಬೇಕಾದ ಕೋನದಲ್ಲಿ ಬೀಗ ಹಾಕುವ ಗುಂಡಿಯಿರುವವೂ ಉಂಟು, ಬೆಲೆ ಹೆಚ್ಚು. ತಲೆಯನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಒಳಗಿನ ಕೊಕ್ಕೆ, ಸ್ಪ್ರಿಂಗು ಬೇರೆಯಾಗಿ ಸಿಗುತ್ತವೆಯೇ ಎಂದು ಕೇಳಿ. ಸಿಗುವುದಾದರೆ ಹೋದ ದಿನ ಹತ್ಯಾರನ್ನೇ ಎಸೆಯಬೇಕಿಲ್ಲ. ಕ್ರೋಮ್ ವೆನೇಡಿಯಂ ಎಂಬ ಅಚ್ಚು ನೋಡಿ ಮಾತ್ರ ನಂಬಬೇಡಿ, ಅಚ್ಚು ಒತ್ತುವುದು ಕಷ್ಟದ ಕೆಲಸವಲ್ಲ.

ಬೆನ್ನಿನ ಮೇಲೆ ಒಂದು ಗುಂಡಿ ಇದ್ದು, ಒತ್ತಿದರೆ ಸಾಕೆಟ್ ಕಳಚುವ ಬಗೆಯಿದೆ. ಎಣ್ಣೆ ಕೈಗೆ ಬಹಳ ಅನುಕೂಲ. ಈ ಗುಂಡಿಯ ಹಿಂದೆ ಒಂದು ಕಥೆಯಿದೆ, ಸಂಘದವರು ಕೇಳಲೇಬೇಕಾದದ್ದು. ಅಮೆರಿಕದಲ್ಲಿ ಸಿಯರ್ಸ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಪೀಟರ್ ರಾಬರ್ಟ್ಸ್ ಎಂಬ ಹುಡುಗ 1960ರ ದಶಕದಲ್ಲಿ ಇಂಥದೊಂದನ್ನು ರೂಪಿಸಿದ. ಅದರಲ್ಲಿ ಹೆಚ್ಚಿನ ಬೆಲೆಯಿಲ್ಲವೆಂದು ನಂಬಿಸಿ ಸಂಸ್ಥೆ 10,000 ಡಾಲರಿಗೆ ಹಕ್ಕು ಪಡೆಯಿತು. ಆತ 1969ರಲ್ಲಿ ನ್ಯಾಯಾಲಯಕ್ಕೆ ಹೋದ. 1977ರಲ್ಲಿ ತೀರ್ಪುಗಾರರು ಅವನಿಗೆ 10 ಲಕ್ಷ ಡಾಲರ್ ಕೊಡಬೇಕೆಂದರು. ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 1989ರಲ್ಲಿ. ಇಪ್ಪತ್ತು ವರ್ಷ!

ಕೆಲಸದ ವೇಳೆ ಮರೆಯಬಾರದ್ದು: ತುಕ್ಕು ಹಿಡಿದ ನಟ್ಟನ್ನು ಮೊದಲು ಎಲ್ ಹ್ಯಾಂಡಲ್ಲಿನಲ್ಲೋ ರಿಂಗ್ ಸ್ಪ್ಯಾನರಿನಲ್ಲೋ ಬಿಡಿಸಿಕೊಳ್ಳಿ. ಬಿಟ್ಟ ಮೇಲೆ ಬೇಗ ಬಿಚ್ಚಲು ರಾಚೆಟ್. ಮತ್ತೆ ಹಾಕುವಾಗ ಕೈಯಿಂದ ಎರಡು ಸುತ್ತು ಹಿಡಿಸಿ, ಆಮೇಲೆ ರಾಚೆಟ್, ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲಿ. ಚಕ್ರದ ನಟ್ಟನ್ನಂತೂ ಬಾಗಿದ ಕತ್ತಿನಲ್ಲಿ ಬಿಗಿದು, ಆಯಿತು ಎಂದು ಜೀಪು ಕಳಿಸಲೇಬೇಡಿ. ಕೈಗೆ ಬಿಗಿಯೆನಿಸಿದ್ದು ಘಟ್ಟದಲ್ಲಿ ಬಿಗಿಯಾಗಿರುವುದಿಲ್ಲ, ಒಳಗೆ ಕೂತಿರುವವರು ನಿಮ್ಮ ಅಮ್ಮನೋ ಅತ್ತೆಯೋ ಇರಬಹುದು. ಹಿಡಿಗೆ ಪೈಪು ತೂರಿಸಬೇಡಿ, ರಾಚೆಟ್ಟನ್ನು ಸುತ್ತಿಗೆ ಮಾಡಿಕೊಳ್ಳಬೇಡಿ. ಸ್ಟಾರ್ಟರ್ ಬೋಲ್ಟು ಮುಟ್ಟುವ ಮುಂಚೆ ಬ್ಯಾಟರಿಯ ಅರ್ಥ್ ವಯರು ಬಿಚ್ಚಿಡಿ. ಕಬ್ಬಿಣದ ಹಿಡಿ ಒಂದು ತುದಿಯಲ್ಲಿ ಕರೆಂಟಿಗೂ ಇನ್ನೊಂದು ತುದಿಯಲ್ಲಿ ಬಾಡಿಗೂ ತಗುಲಿದರೆ ಕಿಡಿ ಹಾರಿ ಕೈ ಸುಡುತ್ತದೆ. ಸಂಜೆ ಒರೆಸಿ ಒಂದು ತೊಟ್ಟು ತೆಳು ಎಣ್ಣೆ ಬಿಡಿ.

ಒಂದೇ ಸಲಕ್ಕೆ ಕಂತಿನ ಮೇಲೆ ದೊಡ್ಡ ಪೆಟ್ಟಿಗೆ ಕೊಳ್ಳುವುದು ಬೇಡ. ಅದರಲ್ಲಿ ಅರ್ಧಕ್ಕರ್ಧ ಹತ್ಯಾರು ಹೊಸದಾಗಿಯೇ ತುಕ್ಕು ಹಿಡಿಯುತ್ತದೆ. ರಿಂಗ್ ಸ್ಪ್ಯಾನರುಗಳು, ಎಲ್ ಹ್ಯಾಂಡಲ್, ಅರ್ಧ ಇಂಚಿನ ನೇರ ರಾಚೆಟ್, ಇವೆಲ್ಲ ಆದ ಮೇಲೆ ಕತ್ತು ಬಾಗುವುದು. ನಿಜ ಹೇಳಬೇಕೆಂದರೆ ಕೂಲಿಗೆ ದುಡಿಯುವವನಿಗೆ ಹತ್ಯಾರು ಕೊಡಬೇಕಾದವರು ಯಜಮಾನರು. ಸ್ವಂತ ಹತ್ಯಾರು ಬೇಕಾಗುವುದು ನಾಳೆ ಸ್ವಂತ ಶೆಡ್ಡು ಹಾಕುವವನಿಗೆ.

ಆ ಹುಡುಗನ ಕೂಲಿಯ ವಿಷಯ. ಹಾನಿಯ ಹೆಸರಿನಲ್ಲಿ ಕೂಲಿ ಹಿಡಿಯುವ ಮೊದಲು ಕೆಲಸಗಾರನ ಮಾತು ಕೇಳಲೇಬೇಕು, ಆದ ಹಾನಿಗಿಂತ ಹೆಚ್ಚು ಹಿಡಿಯಕೂಡದು ಎಂದು 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ನಾವು ಇಬ್ಬರು ಹೋಗಿ ಜಗಳವಿಲ್ಲದೆ ಇದನ್ನೇ ಹೇಳಿದೆವು. ಪಿನ್ನು ಹಳೆಯದು, ಮೊದಲೇ ಬಿರುಕು ಬಿಟ್ಟಿತ್ತೆಂದು ಮುರಿದ ತುಂಡನ್ನೇ ತೋರಿಸಿದೆವು. ಒಳಗಿನ ಅರ್ಧ ಕಪ್ಪಾಗಿತ್ತು, ಹೊಸದಾಗಿ ಮುರಿದ ಅರ್ಧ ಮಾತ್ರ ಬೆಳ್ಳಗಿತ್ತು. ಯಜಮಾನರು ಸ್ವಲ್ಪ ಹೊತ್ತು ಅದನ್ನೇ ತಿರುಗಿಸಿ ನೋಡಿ, ಎರಡು ವಾರದಲ್ಲಿ ಹಣ ವಾಪಸು ಕೊಟ್ಟರು. ಆದ್ದರಿಂದ ಏನು ಮುರಿದರೂ ತುಂಡನ್ನು ಎಸೆಯಬೇಡಿ, ಕಾಗದದಲ್ಲಿ ಸುತ್ತಿ ತೆಗೆದಿಡಿ.

ಹತ್ಯಾರು ಕೊಳ್ಳಲು ಮಧುರೈಗೆ ಹೋಗಬೇಕೆಂದು ಮೂವರು ಹುಡುಗರು ಹೇಳಿದ್ದಾರೆ. ಬರುವ ಶನಿವಾರ ತೇನಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳಕ್ಕೆ ಸೇರಿದರೆ ನಾವೂ ಜೊತೆಗೆ ಬರುತ್ತೇವೆ.