ಮೈಕಿನಲ್ಲಿ ಕನ್ನಡ, ಮನೆಯಲ್ಲಿ ಯಾವುದು?

(ಬೆಂಗಳೂರು, ಮೈಸೂರುಗಳಿಂದ ಬಂದ ಕನ್ನಡದ ಯುವಕ ಯುವತಿಯರು ಅತ್ತಿಗುಂಡಿಯಲ್ಲಿ ಒಂದು ಸಂಜೆ ಸೇರಿ, ತಾವು ಈಗ ಮನೆಯಲ್ಲಿ ಕೇಳುತ್ತಿರುವ ಆಲ್ಬಂಗಳ ಬಗ್ಗೆ ಮಾತಾಡಿಕೊಂಡರು. ಆ ಕೂಟದ ಕೊನೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ ಇದು.)



ಇಷ್ಟು ಹೊತ್ತು ನೀವು ಒಬ್ಬೊಬ್ಬರಾಗಿ ಎದ್ದು ನಿಂತು, ಈಗ ಮನೆಯಲ್ಲಿ ಏನು ಕೇಳುತ್ತಿದ್ದೀರಿ ಅಂತ ಹೇಳಿದಿರಿ. ಇಂಗ್ಲಿಷ್ ಅಂದವರಿದ್ದಾರೆ, ಹಿಂದಿ ಅಂದವರಿದ್ದಾರೆ, ತಮಿಳು ಅಂದವರಿದ್ದಾರೆ, ಕೊರಿಯಾ ದೇಶದ ಹಾಡು ಅಂದವರೂ ಇದ್ದಾರೆ. ಕನ್ನಡ ಅಂದವರೂ ಇದ್ದಾರೆ. ಆದರೆ ಅವರು ಅದನ್ನು ಕೊನೆಯಲ್ಲಿ, ಸ್ವಲ್ಪ ಸಂಕೋಚದಿಂದ ಹೇಳಿದರು. ‘ನಮ್ಮಪ್ಪ ಹಾಕ್ತಾರೆ, ಹಾಗೇ ಕೇಳ್ತೀನಿ’ ಅಂದರು. ಆ ಸಂಕೋಚ ಯಾಕೆ? ಅದರ ಬಗ್ಗೆಯೇ ನಾಲ್ಕು ಮಾತು ಆಡಬೇಕು ಅನ್ನಿಸಿತು.

ನಾನು ಪ್ರೆಸ್ಸಿನವನು. ಓದಿದ್ದು ಪಿಯುಸಿ. ರಾಗ ತಾಳದ ಶಾಸ್ತ್ರ ಗೊತ್ತಿಲ್ಲ. ಮದುವೆ ಕಾರ್ಡು, ಬಿಲ್ ಬುಕ್ಕು, ನವೆಂಬರ್ ಬಂದರೆ ರಾಜ್ಯೋತ್ಸವದ ಕರಪತ್ರ, ಇವು ನನ್ನ ಅನ್ನ. ಆ ಕರಪತ್ರದಲ್ಲಿ ಪ್ರತಿ ವರ್ಷ ಒಂದು ಸಾಲು ಇದ್ದೇ ಇರುತ್ತದೆ, ‘ಸಂಜೆ ಕನ್ನಡ ಗೀತೆಗಳ ಕಾರ್ಯಕ್ರಮ’ ಅಂತ. ಒಂದನೇ ತಾರೀಖು ಸಂಜೆ ಮೈಕಿನಲ್ಲಿ ಕನ್ನಡ. ಎರಡನೇ ತಾರೀಖು ಬೆಳಿಗ್ಗೆ ಮನೆಯಲ್ಲಿ? ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆ ನಮ್ಮ ಅಭಿಮಾನಕ್ಕೆ ಸರಿಯಾಗಿ ಹೊಂದುತ್ತದೆ.

ಬೇರೆ ಭಾಷೆಯ ಹಾಡು ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ಅದು ದಡ್ಡತನ. ಈ ಕಾಫಿ ಸೀಮೆಯ ಲೈನ್ ಮನೆಗಳ ಮುಂದೆ ಹೋಗಿ ನಿಂತರೆ ತಮಿಳು, ತುಳು, ಉರ್ದು, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. ದುಡಿದು ದಣಿದವರು ತಮ್ಮ ತಾಯಿಯ ಹಾಡು ಹಾಕಿಕೊಂಡು ಕೂತಿರುತ್ತಾರೆ. ಅವರಿಗೆ ಸಂಕೋಚವಿಲ್ಲ. ಅವರಿಂದ ನಾವು ಕಲಿಯುವುದಿದೆ. ಅದೇ ಮುಳ್ಳಯ್ಯನಗಿರಿಗೆ ಹೋಗುವ ಕನ್ನಡದ ಹುಡುಗರ ಕಾರು ಈ ರಸ್ತೆಯಲ್ಲಿ ಹಾದು ಹೋಗುವಾಗ ಗಮನಿಸಿ. ಹಿಂದಿನ ಗಾಜಿನ ಮೇಲೆ ಹಳದಿ ಕೆಂಪು ಬಾವುಟದ ಸ್ಟಿಕ್ಕರ್, ಒಳಗಿನ ಸ್ಪೀಕರಿನಲ್ಲಿ ಬೇರೆಯದೇ ಅಬ್ಬರ. ಸ್ಟಿಕ್ಕರ್ ನಾನೇ ಅಚ್ಚು ಹಾಕಿ ಕೊಡಬಲ್ಲೆ. ಒಳಗಿನ ಹಾಡನ್ನು ನೀವೇ ಆರಿಸಬೇಕು.

ಹಿಂದೆ ಏನಾಯಿತು ನೋಡಿ. 2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್‌ಎಂ ರೇಡಿಯೋ ಬಂತು. ಕನ್ನಡದ ರಾಜಧಾನಿಯಲ್ಲಿ ಹಿಂದಿ ಹಾಡಿನದೇ ಮೇಲುಗೈ. ಕನ್ನಡಿಗರು ಪತ್ರ ಬರೆದರು, ಫೋನ್ ಮಾಡಿದರು, ಪ್ರತಿಭಟಿಸಿದರು. ಕೇಳುವವರಿದ್ದಾರೆ ಅಂತ ಖಾತ್ರಿಯಾದ ಮೇಲೆ ಕನ್ನಡ ಹಾಡುಗಳನ್ನೇ ಹಾಕುವ ಸ್ಟೇಷನ್‌ಗಳು ಬಂದವು. ಅಂದು ಮುತ್ತಿಗೆ ಹಾಕಲು ಒಂದು ಕಚೇರಿ ಇತ್ತು, ಮನವಿ ಕೊಡಲು ಒಬ್ಬ ಮ್ಯಾನೇಜರ್ ಇದ್ದ. ಇಂದು ಹಾಡು ಬರುವುದು ನಿಮ್ಮ ಜೇಬಿನ ಮೊಬೈಲಿನಿಂದ. ನೀವು ಯಾವುದನ್ನು ಒತ್ತುತ್ತೀರೋ ಅದನ್ನು ಅದು ಲೆಕ್ಕ ಇಡುತ್ತದೆ, ಅದರಂತೆಯೇ ಮುಂದಿನದನ್ನು ಬಡಿಸುತ್ತದೆ. ಈಗ ಸ್ಟೇಷನ್ ಮ್ಯಾನೇಜರ್ ನೀವೇ. ಮುತ್ತಿಗೆ ಯಾರ ಮನೆಗೆ ಹಾಕೋಣ, ಹೇಳಿ?

ನೀವು ನಿಮ್ಮ ಪಟ್ಟಿ ಹೇಳಿದಿರಿ. ನನ್ನದನ್ನೂ ಕೇಳಿ. ಈಗ ನಮ್ಮ ಮನೆಯಲ್ಲಿ ಓಡುತ್ತಿರುವುದು ಮೂರು.

ಮೊದಲನೆಯದು ‘ನಿತ್ಯೋತ್ಸವ’. 1978ರಲ್ಲಿ ಬಂದದ್ದು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಅಂತ ಹೆಸರಾದದ್ದು. ಪದ್ಯ ಕೆ.ಎಸ್. ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ನಿಸಾರ್ ಕಾಲೇಜಿನಲ್ಲಿ ಪಾಠ ಮಾಡಿದ್ದು ಭೂವಿಜ್ಞಾನ, ಕನ್ನಡವಲ್ಲ. ಕಲ್ಲು ಮಣ್ಣಿನ ಮೇಷ್ಟ್ರು ಬರೆದ ಪದ್ಯ ಓದು ಬಾರದ ತಾಯಂದಿರ ಬಾಯಿಗೂ ಬಂತು. ಹೇಗೆ ಬಂತು? ಪುಸ್ತಕ ಕೊಳ್ಳಲಾಗದ ಮನೆಗೂ ಕ್ಯಾಸೆಟ್ ಹೋಯಿತು, ಅದಕ್ಕೇ ಬಂತು. ನಾಡಗೀತೆಯನ್ನು ಅನಂತಸ್ವಾಮಿ ಅವರ ಧಾಟಿಯಲ್ಲೇ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಧಾಟಿಯ ಬಗ್ಗೆ ಜಗಳ ಮಾಡಿದ ನಾವು, ಆ ಮನುಷ್ಯನ ಒಂದು ಪೂರ್ತಿ ಆಲ್ಬಂ ಕೂತು ಕೇಳಿದ್ದೇವೆಯೇ?

ಎರಡನೆಯದು ಶಿಶುನಾಳ ಶರೀಫರ ಪದಗಳು, ಸಿ. ಅಶ್ವತ್ಥ್ ಸ್ವರ ಹಾಕಿದ್ದು. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡು ಕಟ್ಟಿದವರು. ಅದೇ ಪದಗಳನ್ನು ಹಾಡಿ ಮೆರೆಸಿದ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಲ್ಲಿ ವಕೀಲರು. ಕೆಲಸ ಇದೆ, ಪುರುಸೊತ್ತಿಲ್ಲ ಅನ್ನುವ ನಿಮಗೆ ಇದನ್ನು ಹೇಳಬೇಕು. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಗುಡುಗುಡಿ ಪದವನ್ನು ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್ಮಿನಲ್ಲಿ ಗಿಟಾರ್ ಹಿಡಿದು ಹಾಡಿದರು. ಮುಸ್ಲಿಮರ ಮನೆಯಲ್ಲಿ ಹುಟ್ಟಿ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ಒಬ್ಬ ಹಳ್ಳಿಯ ಸಂತನ ಮಾತು ಏಕತಾರಿಯಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಗಿಟಾರಿಗೆ ಬಂದು ನಿಂತಿದೆ. ಕನ್ನಡ ಹಳೇಕಾಲದವರದು ಅನ್ನುವವರ ಮುಂದೆ ಇವೆರಡನ್ನೂ ಒಂದರ ಹಿಂದೆ ಒಂದು ಹಾಕಿ. ಬೇರೆ ವಾದ ಬೇಡ.

ಮೂರನೆಯದು ನಿಮ್ಮ ಕಾಲದ್ದೇ. 2023ರ ‘ಸಪ್ತ ಸಾಗರದಾಚೆ ಎಲ್ಲೋ’ ಸಿನಿಮಾದ ಹಾಡುಗಳು, ಚರಣ್ ರಾಜ್ ಸಂಗೀತ. ಇದು ನಿಮ್ಮಲ್ಲೂ ಮೂರು ಜನರ ಪಟ್ಟಿಯಲ್ಲಿತ್ತು, ಸಂತೋಷ. ಆದರೆ ಆ ಹೆಸರು ಎಲ್ಲಿಂದ ಬಂತು ಅಂತ ಕೇಳಿದಾಗ ಸಭೆ ಸುಮ್ಮನಾಯಿತು. ಅದು ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ’ ಪದ್ಯದ ಮಾತು. ಮೊಬೈಲು ನಿಮಗೆ ಸಿನಿಮಾದ ಹೆಸರು ಹೇಳಿತು, ಹಾಡಿದವರ ಹೆಸರು ಹೇಳಿತು. ಅಡಿಗರ ಹೆಸರು ಹೇಳಲಿಲ್ಲ.

ಇಲ್ಲೇ ನನ್ನ ಕಸುಬಿನ ಮಾತು ಬರುತ್ತದೆ. ಕ್ಯಾಸೆಟ್ಟಿನ ಡಬ್ಬಿಯೊಳಗೆ ಒಂದು ಮಡಿಸಿದ ಕಾರ್ಡು ಇರುತ್ತಿತ್ತು. ನಿಮ್ಮ ಅಂಗೈಗಿಂತ ಚಿಕ್ಕದು. ಅದರಲ್ಲಿ ಕನ್ನಡದ ಅಕ್ಷರದಲ್ಲಿ ಹಾಡಿನ ಹೆಸರು, ಬರೆದವರು, ಸ್ವರ ಹಾಕಿದವರು, ಹಾಡಿದವರು. ಹಾಡು ಕೇಳುತ್ತಾ ಆ ಕಾರ್ಡು ಓದುವುದೇ ಒಂದು ಪಾಠಶಾಲೆ. ‘ಮೈಸೂರು ಮಲ್ಲಿಗೆ’ ಕೆ.ಎಸ್. ನರಸಿಂಹಸ್ವಾಮಿ ಅವರದು, 1942ರ ಪುಸ್ತಕ ಅಂತ ಎಷ್ಟೋ ಮನೆಗೆ ಗೊತ್ತಾದದ್ದು ಕ್ಯಾಸೆಟ್ಟಿನಿಂದ, 1992ರ ಸಿನಿಮಾದಿಂದ. ಇಂದು ಮೊಬೈಲಿನಲ್ಲಿ ಹಾಡಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ. ಬರೆದವರ ಹೆಸರು ಎರಡು ಮೂರು ಕಡೆ ಒತ್ತಿ ಹುಡುಕಿದರೆ ಸಿಕ್ಕರೆ ಸಿಕ್ಕೀತು.

ಅಕ್ಷರ ಯಾವುದಾದರೇನು ಅನ್ನಬೇಡಿ. ಕೆ, ಎ, ಡಿ, ಯು ಅಂತ ಬರೆದರೆ ಅದು ಕಾಡೋ, ಕಾದೋ, ಕಡುವೋ? ಬಾಳು ಯಾವುದು, ಬಾಲು ಯಾವುದು? ಅಚ್ಚಿನ ಮನೆಯಲ್ಲಿ ಒಂದು ಅಕ್ಷರ ತಪ್ಪಿದರೆ ಗಿರಾಕಿ ಕಾರ್ಡು ವಾಪಸ್ ಎಸೆಯುತ್ತಾನೆ. ಇಡೀ ಭಾಷೆಯ ಹಾಡುಗಳಿಗೆ ಬೇರೆ ಅಕ್ಷರ ಹಾಕಿ ಕೊಟ್ಟರೆ ನಾವು ತೆಪ್ಪಗೆ ತೆಗೆದುಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ಕನ್ನಡ ಮಾತಾಡುವ, ಆದರೆ ಕನ್ನಡ ಓದಲು ತಡವರಿಸುವ ಮಕ್ಕಳು ನಿಮ್ಮ ಮನೆಗಳಲ್ಲೇ ಇದ್ದಾರೆ. ಅವರಿಗೆ ಉಳಿದಿರುವ ಕೊನೆಯ ಕನ್ನಡ ಪುಸ್ತಕ ಹಾಡು. ಅದರ ಅಕ್ಷರವನ್ನೂ ಕಿತ್ತುಕೊಂಡರೆ ಇನ್ನೇನು ಉಳಿಯಿತು?

ಹೆಸರಿನ ಮಾತು ಬರೀ ಮರ್ಯಾದೆಯ ಮಾತಲ್ಲ. ಹಾಡು ಬರೆದವರಿಗೂ ಸ್ವರ ಹಾಕಿದವರಿಗೂ ರಾಯಧನದಲ್ಲಿ ಪಾಲು ಕೊಡಬೇಕು ಅಂತ 2012ರಲ್ಲಿ ಕೃತಿಸ್ವಾಮ್ಯ ಕಾನೂನನ್ನು ತಿದ್ದಿದರು. ಕಾನೂನು ಕೊಟ್ಟ ಪಾಲು ಕೈಗೆ ಬರಬೇಕಾದರೆ ಹೆಸರು ದಾಖಲಾಗಿರಬೇಕು. ಹೆಸರು ಅಳಿಸಿದ ಕಡೆ ಹಕ್ಕೂ ಅಳಿಸುತ್ತದೆ. ಬೋರ್ಡಿನಲ್ಲಿ ಕನ್ನಡ ಕೇಳುವ ನಾವು ಇದನ್ನೂ ಕೇಳಬೇಕು.

ಹಾಗಾದರೆ ಮಾಡುವುದೇನು? ಭಾಷಣ ಸಾಕು, ಕೆಲಸ ಹೇಳುತ್ತೇನೆ.

ತಿಂಗಳಿಗೆ ಒಂದು ಭಾನುವಾರ ಒಬ್ಬರ ಮನೆಯಲ್ಲಿ ಐದಾರು ಜನ ಸೇರಿ. ಒಂದು ಕನ್ನಡ ಆಲ್ಬಂ ಮೊದಲಿನಿಂದ ಕೊನೆಯವರೆಗೆ ಕೇಳಿ, ಮಧ್ಯೆ ಹಾರಿಸಬೇಡಿ. ತಂದವರು ಯಾಕೆ ಇಷ್ಟ ಅಂತ ಎರಡು ಮಾತು ಹೇಳಲಿ. ಸಾಹಿತ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ, ಮನೆಯ ಮಕ್ಕಳ ಕೈಯಲ್ಲಿ ಓದಿಸಿ. ಬೇರೆ ಭಾಷೆಯ ಗೆಳೆಯನನ್ನೂ ಕರೆಯಿರಿ, ಅವನ ಹಾಡನ್ನೂ ಕೇಳಿ. ಒಳ್ಳೆಯ ಹಾಡು ಕೇಳಿಸಿ ಕನ್ನಡ ಕಲಿಸಿದಷ್ಟು ಸುಲಭವಾಗಿ ಬೈದು ಕಲಿಸಲು ಆಗುವುದಿಲ್ಲ.

ಅಟ್ಟದ ಮೇಲಿನ ಹಳೇ ಕ್ಯಾಸೆಟ್ಟುಗಳನ್ನು ಕೆಳಗಿಳಿಸಿ. ನಮ್ಮ ಮಲೆನಾಡಿನ ಮಳೆಗೆ ಟೇಪಿಗೆ ಬೂಸ್ಟು ಹಿಡಿಯುತ್ತದೆ. ಸುರುಳಿಗೆ ಪೆನ್ಸಿಲ್ ತೂರಿಸಿ ಮೆಲ್ಲಗೆ ತಿರುಗಿಸಿ, ಒರೆಸಿ, ಹಾಡುತ್ತಿರುವಾಗಲೇ ಕಂಪ್ಯೂಟರಿಗೆ ತುಂಬಿಕೊಳ್ಳಿ. ಒಳಗಿನ ಕಾರ್ಡನ್ನು ಬಿಸಾಡಬೇಡಿ, ಅದರ ಫೋಟೋ ತೆಗೆದಿಡಿ.

ಹಾಡು ಕೊಡುವ ಕಂಪನಿಗಳಿಗೆ ಬರೆಯಿರಿ. ಒಬ್ಬರಲ್ಲ, ಎಲ್ಲರೂ. ಬೇಡಿಕೆ ಎರಡೇ: ಕನ್ನಡ ಹಾಡಿಗೆ ಕನ್ನಡ ಅಕ್ಷರ, ಹಾಡಿನ ಕೆಳಗೆ ಕವಿಯ ಹೆಸರು. ಎಫ್‌ಎಂನವರು ಬದಲಾದರು, ಇವರೂ ಬದಲಾಗುತ್ತಾರೆ.

ಕೊನೆಯದಾಗಿ, ನೀವು ಕೇಳಿದ ಆಲ್ಬಮ್ಮಿನ ಹೆಸರು, ವರ್ಷ, ಕವಿ, ಸಂಗೀತ, ಗಾಯಕರು ಇಷ್ಟನ್ನು ಕನ್ನಡದಲ್ಲಿ ಕೈಯಾರೆ ಬರೆದು ಕಳಿಸಿ. ಒಂದು ಹಾಳೆ ತುಂಬಿದ ಕೂಡಲೇ ನಾನು ಅಚ್ಚು ಹಾಕಿ ಕೊಡುತ್ತೇನೆ. ಕಾಗದದ ದುಡ್ಡು ನಿಮ್ಮದು, ಅಚ್ಚಿನ ಕೂಲಿ ಕನ್ನಡದ್ದು. ಮುಂದಿನ ರಾಜ್ಯೋತ್ಸವದ ಕರಪತ್ರದ ಜೊತೆ ಆ ಹಾಳೆಯೂ ಮನೆ ಮನೆಗೆ ಹೋಗಲಿ.

ಹಿತ್ತಲ ಗಿಡ ಮದ್ದಲ್ಲ ಅಂದುಕೊಂಡೇ ನಾವು ಇಷ್ಟು ಕಳೆದುಕೊಂಡೆವು. ಇನ್ನು ಸಂಕೋಚ ಬೇಡ. ಮುಂದಿನ ಸಲ ಸೇರಿದಾಗ ಕನ್ನಡದ ಆಲ್ಬಮ್ಮಿನ ಹೆಸರು ನಿಮ್ಮ ಬಾಯಲ್ಲಿ ಮೊದಲು ಬರಲಿ, ಬರೆದವರ ಹೆಸರಿನ ಸಮೇತ ಬರಲಿ.

ಸಿರಿಗನ್ನಡಂ ಗೆಲ್ಗೆ.